ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು: ಮೊಡವೆಯ ಮೂರು ಮದ್ದುಗಳು

ನೀಲಿ ದಿಂಬಿನ ಕವರಿನ ಮೇಲೆ ಅಂಗೈಯಗಲದ ಬಿಳಿ ಕಲೆ ಬಿದ್ದಿತ್ತು. ಬ್ಲೀಚ್ ಚೆಲ್ಲಿದವರು ಯಾರು ಅಂತ ಅಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದಳು. ಯಾರೂ ಚೆಲ್ಲಿರಲಿಲ್ಲ, ಅದು ನನ್ನ ಎಡಗೆನ್ನೆಯ ಕೆಲಸ. ಆಗ ನನಗೆ 16. ಮೊಡವೆಗೆಂದು ಎಡಗೆನ್ನೆಗೆ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್, ಬಲಗೆನ್ನೆಗೆ ಅಡಾಪಲೀನ್ ಜೆಲ್ ಹಚ್ಚಿಕೊಂಡು ಯಾವುದು ಗೆಲ್ಲುತ್ತೆ ನೋಡೇಬಿಡೋಣ ಅಂತ ಹಟಕ್ಕೆ ಬಿದ್ದಿದ್ದೆ. ಅದಕ್ಕೂ ಮುಂಚೆ ಸ್ಯಾಲಿಸಿಲಿಕ್ ಆ್ಯಸಿಡ್ ಜೊತೆ ಎರಡು ತಿಂಗಳು ಏಗಿಯಾಗಿತ್ತು.

ಆ್ಯಸಿಡ್ ಕಥೆಯನ್ನು ಬೇಗ ಮುಗಿಸುತ್ತೇನೆ. ಶೇ. 2ರ ಫೇಸ್‌ವಾಶ್ ತಂದಿದ್ದೆ. ಇದು ಎಣ್ಣೆಯಲ್ಲಿ ಕರಗುವ ಪದಾರ್ಥವಾದ್ದರಿಂದ ಜಿಡ್ಡು ಕಟ್ಟಿಕೊಂಡ ರಂಧ್ರದೊಳಗೆ ಇಳಿದು, ಅಲ್ಲಿ ಅಂಟಿಕೊಂಡಿರುವ ಸತ್ತ ಚರ್ಮವನ್ನು ಸಡಿಲ ಮಾಡುತ್ತದೆ. ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್‌ಗಳು ನಿಜಕ್ಕೂ ತೆಳುವಾದವು. (ಅದರ ಕಪ್ಪು ಕೊಳೆಯದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ಬಾಯಿ ತೆರೆದ ರಂಧ್ರದಲ್ಲಿರುವ ಮೆಲನಿನ್ ಮತ್ತು ಗಾಳಿ ತಾಗಿದ ಜಿಡ್ಡಿನ ಬಣ್ಣ ಅದು. ಎಷ್ಟು ಉಜ್ಜಿದರೂ ಹೋಗದಿರುವುದು ಅದಕ್ಕೇ.) ಆದರೆ ಕೆನ್ನೆಯ ಮೇಲಿನ ಕೆಂಪು ಗುಳ್ಳೆಗಳು ಇದ್ದಲ್ಲೇ ಇದ್ದವು. ಹಚ್ಚಿ ಅರ್ಧ ನಿಮಿಷದಲ್ಲಿ ತೊಳೆದುಬಿಡುವ ಫೇಸ್‌ವಾಶ್‌ನಿಂದ ಹೆಚ್ಚು ನಿರೀಕ್ಷಿಸಿದ್ದು ನನ್ನದೇ ತಪ್ಪು. ಹಚ್ಚಿ ತೊಳೆಯದೆ ಹಾಗೇ ಬಿಡುವ ರೂಪದಲ್ಲೇ ಅದಕ್ಕೆ ಕೆಲಸ ಮಾಡಲು ಸಮಯ ಸಿಗುವುದು. ಸಾಲದ್ದಕ್ಕೆ ಕಾಳುಕಾಳಾದ ಸ್ಕ್ರಬ್ ಬೇರೆ ಹಾಕಿ ಉಜ್ಜಿದೆ. ಮುಖ ಟೊಮೆಟೊ ಆಯಿತು, ಮೊಡವೆ ಮಾತ್ರ ಕದಲಲಿಲ್ಲ.

ಆಮೇಲೆ ಸ್ಕಿನ್ ಡಾಕ್ಟರ್ ಹತ್ತಿರ ಹೋದೆ. ಅವರು ಒಂದು ಹಾಳೆಯ ಮೇಲೆ ಚರ್ಮದ ರಂಧ್ರವನ್ನು ಬಾಟಲಿಯ ಹಾಗೆ ಬರೆದು ತೋರಿಸಿದರು. ಹದಿಹರೆಯದಲ್ಲಿ ಆ್ಯಂಡ್ರೋಜೆನ್ ಹಾರ್ಮೋನುಗಳು ಏರುತ್ತವೆ, ಜಿಡ್ಡಿನ ಗ್ರಂಥಿಗಳು ದೊಡ್ಡದಾಗಿ ಹೆಚ್ಚು ಜಿಡ್ಡು ಸುರಿಸುತ್ತವೆ. ಬಾಟಲಿಯ ಕುತ್ತಿಗೆಯಲ್ಲಿ ಸತ್ತ ಜೀವಕೋಶಗಳು ಬಿರಡೆಯ ಹಾಗೆ ಕೂರುತ್ತವೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ ಒಂದು ಬ್ಯಾಕ್ಟೀರಿಯಾ ಹಬ್ಬುತ್ತದೆ, ಸುತ್ತ ಉರಿಯೂತ ಏಳುತ್ತದೆ. "ಬಿರಡೆ ಬೀಳದ ಹಾಗೆ ನೋಡಿಕೊಳ್ಳೋದು ಒಂದು ಮದ್ದು, ಒಳಗಿನ ಬ್ಯಾಕ್ಟೀರಿಯಾ ಕೊಲ್ಲೋದು ಇನ್ನೊಂದು" ಅಂದರು. ಎರಡನ್ನೂ ಒಂದೊಂದು ಕೆನ್ನೆಗೆ ಹಚ್ಚಿ ನೋಡಲಾ ಎಂದು ಕೇಳಿದೆ. ನಕ್ಕು, "ನೋಡು, ಆದರೆ ಹನ್ನೆರಡು ವಾರ ಬಾಯಿ ಮುಚ್ಚಿಕೊಂಡು ನೋಡಬೇಕು" ಅಂದರು.

ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು, ಕೆಂಪು ಗುಳ್ಳೆ ಎಷ್ಟು, ಬಣ್ಣವಿಲ್ಲದ ಸಣ್ಣ ಉಬ್ಬು ಎಷ್ಟು ಅಂತ ಬೇರೆಬೇರೆ ಎಣಿಸುತ್ತಿದ್ದೆ. ಶುರುವಿನಲ್ಲಿ ಎಡಕ್ಕೆ 11 ಕೆಂಪು, ಬಲಕ್ಕೆ 12. ಸಣ್ಣ ಉಬ್ಬುಗಳು ಎರಡೂ ಕಡೆ 20ರ ಮೇಲೆ.

ಎಡಗೆನ್ನೆ ಮೊದಲು ಮುಂದೆ ಓಡಿತು. ಬೆಂಜಾಯಿಲ್ ಪೆರಾಕ್ಸೈಡ್ ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆ್ಯಂಟಿಬಯೊಟಿಕ್‌ಗೆ ಒಗ್ಗಿಕೊಂಡ ಹಾಗೆ ಇದಕ್ಕೆ ಅವು ಒಗ್ಗಿಕೊಳ್ಳುವುದಿಲ್ಲ ಅನ್ನೋದು ಇದರ ದೊಡ್ಡ ಹೆಚ್ಚುಗಾರಿಕೆ. ಎರಡನೆಯ ವಾರಕ್ಕೇ ಕೀವು ತುಂಬಿದ ಗುಳ್ಳೆಗಳು ಒಣಗತೊಡಗಿದವು. ನಾನು ಹಚ್ಚಿದ್ದು ಶೇ. 2.5ರ ಜೆಲ್. ಅದಕ್ಕೂ ಹಿಂದಿನ ವರ್ಷ ಜಾಸ್ತಿ ಇದ್ದರೆ ಬೇಗ ಹೋಗುತ್ತೆ ಅಂತ ಶೇ. 10ರದ್ದು ಹಚ್ಚಿ, ಮೂಗಿನ ಪಕ್ಕದ ಚರ್ಮ ಸಿಪ್ಪೆ ಸುಲಿದು, ನಾಲ್ಕೇ ದಿನಕ್ಕೆ ಬಿಟ್ಟಿದ್ದೆ. ಮೊಡವೆ ಇಳಿಸುವುದರಲ್ಲಿ 2.5ಕ್ಕೂ 10ಕ್ಕೂ ಹೇಳಿಕೊಳ್ಳುವಂಥ ಅಂತರ ಇಲ್ಲ, ಉರಿಯಲ್ಲಿ ಮಾತ್ರ ಇದೆ. ಇದರ ಇನ್ನೊಂದು ಕಾಟ ಬಟ್ಟೆಯ ಬಣ್ಣ. ದಿಂಬಿನ ಕವರು, ಎರಡು ಟವೆಲ್, ಒಂದು ಕಪ್ಪು ಟಿ-ಶರ್ಟಿನ ಕಾಲರ್ ಎಲ್ಲ ಹೋದವು. ಆದರೆ ಸಣ್ಣ ಉಬ್ಬುಗಳ ಲೆಕ್ಕ ಇಳಿಯಲೇ ಇಲ್ಲ. ಒಂದು ಗುಳ್ಳೆ ಒಣಗುವಷ್ಟರಲ್ಲಿ ಪಕ್ಕದ ಉಬ್ಬು ಕೆಂಪಾಗುತ್ತಿತ್ತು.

ಬಲಗೆನ್ನೆ ಕಣ್ಣೀರು ಹಾಕಿಸಿತು. ಅಡಾಪಲೀನ್ ರೆಟಿನಾಯ್ಡ್ ಎಂಬ, ವಿಟಮಿನ್ ಎಗೆ ಸಂಬಂಧಪಟ್ಟ ಗುಂಪಿನದು, ಬಿರಡೆ ಬೀಳದ ಹಾಗೆ ನೋಡಿಕೊಳ್ಳುವ ಮದ್ದು ಇದೇ. ಅಮೆರಿಕದಲ್ಲಿ 1996ರಲ್ಲಿ ವೈದ್ಯರ ಚೀಟಿ ಮೇಲೆ ಸಿಗುವ ಔಷಧವಾಗಿ ಬಂತು, 2016ರಿಂದ ಶೇ. 0.1ರ ಜೆಲ್ ಅಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು, ನನ್ನ ಒಂದು ಕೆನ್ನೆಗೆ ಅದರ ಕಾಲುಭಾಗ. ಎದ್ದ ಗುಳ್ಳೆಯ ತಲೆಗೆ ಚುಕ್ಕಿ ಇಟ್ಟರೆ ಪ್ರಯೋಜನವಿಲ್ಲ. ಇನ್ನೂ ಏಳದವುಗಳಿಗಾಗಿ ಜಾಗಕ್ಕೆಲ್ಲ ತೆಳುವಾಗಿ ಸವರಬೇಕು. ಮೂರನೆಯ ವಾರ ಬಲಗಡೆ 12 ಇದ್ದದ್ದು 17 ಆಯಿತು, ಬಾಯಿಯ ಮೂಲೆ ಒಡೆಯಿತು. ಮೊದಲ ತಿಂಗಳು ಹೀಗೆ ಕೆರಳುವುದು ಮಾಮೂಲು ಎಂದು ಡಾಕ್ಟರ್ ಮುಂಚೆಯೇ ಹೇಳಿರದಿದ್ದರೆ ಟ್ಯೂಬನ್ನು ಆವತ್ತೇ ಕಸದ ಬುಟ್ಟಿಗೆ ಹಾಕುತ್ತಿದ್ದೆ. ದಿನ ಬಿಟ್ಟು ದಿನ ಹಚ್ಚಲು ಹೇಳಿದರು, ಮೇಲೆ ಮಾಯಿಶ್ಚರೈಸರ್. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಕಡ್ಡಾಯ.

ಎಂಟನೆಯ ವಾರ ಕೆನ್ನೆ ಸವರಿಕೊಂಡಾಗ ಬೆರಳಿಗೇ ಮೊದಲು ಗೊತ್ತಾಯಿತು. ಎಡಗಡೆ ಇನ್ನೂ ರವೆ ರವೆ, ಬಲಗಡೆ ನುಣುಪು. ಹನ್ನೆರಡನೆಯ ವಾರದ ಲೆಕ್ಕ: ಕೆಂಪು ಎಡಕ್ಕೆ 4, ಬಲಕ್ಕೆ 5. ಇಷ್ಟನ್ನೇ ನೋಡಿದರೆ ಆಟ ಸಮಸಮ. ಆದರೆ ಸಣ್ಣ ಉಬ್ಬು ಎಡಕ್ಕೆ 19, ಬಲಕ್ಕೆ 6. ಪರೀಕ್ಷೆ ಬಂದು ಮೂರು ವಾರ ಎರಡನ್ನೂ ಬಿಟ್ಟಾಗ ಮೊದಲು ಎದ್ದು ಕೂತದ್ದು ಎಡಗೆನ್ನೆಯೇ. ನಾನು ಎಡಕ್ಕೇ ಮಗ್ಗುಲಾಗಿ ಮಲಗುವವರ ಪೈಕಿ, ಹಾಗಾಗಿ ಇದು ಲ್ಯಾಬಿನ ಪ್ರಯೋಗದಷ್ಟು ಶುದ್ಧವಲ್ಲ. ಆದರೂ ಒಂದೇ ಟ್ಯೂಬ್ ಇಟ್ಟುಕೋ ಅಂದರೆ ನನ್ನ ಕೈ ಅಡಾಪಲೀನ್ ಕಡೆಗೇ ಹೋಗುತ್ತೆ. ಗರ್ಭಿಣಿಯರು ಮಾತ್ರ ಅದರ ತಂಟೆಗೆ ಹೋಗಬಾರದು.

ಆಮೇಲೆ ಡಾಕ್ಟರ್ ಎರಡನ್ನೂ ಸೇರಿಸಿದರು. ಬೆಳಿಗ್ಗೆ ಪೆರಾಕ್ಸೈಡ್, ರಾತ್ರಿ ಅಡಾಪಲೀನ್. ಇವೆರಡೂ ಸೇರಿದ ಒಂದೇ ಜೆಲ್ ಕೂಡ ಇದೆ. ಮೊದಲೇ ಹೇಳಬಹುದಿತ್ತಲ್ಲ ಅಂದೆ. "ಹೇಳಿದ್ದರೆ ನೀನು ಕೇಳ್ತಿದ್ಯಾ?" ಅಂದರು.

ಈ ಸ್ಪರ್ಧೆಗೇ ಸೇರಿಸಬಾರದ ಕೆಲವಿವೆ. ರಾತ್ರಿ ಗುಳ್ಳೆಗೆ ಟೂತ್‌ಪೇಸ್ಟ್ ಮೆತ್ತಿ ಬೆಳಿಗ್ಗೆ ಕಂದು ಗಾಯ ಮಾಡಿಕೊಂಡಿದ್ದೇನೆ. ಮೊಡವೆ ವಾರದಲ್ಲಿ ಹೋಯಿತು, ಕಲೆ ಏಳು ತಿಂಗಳು ನಿಂತಿತು. ಗೆಳತಿಯೊಬ್ಬಳು ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿ ಹತ್ತು ದಿನ ಹೊಳೆದಳು. ನಿಲ್ಲಿಸಿದ ಮೇಲೆ ಮೊದಲಿಗಿಂತ ಹೆಚ್ಚು ಎದ್ದವು. ಆ್ಯಂಟಿಬಯೊಟಿಕ್ ಲೋಶನ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದಂತಾಗುತ್ತವೆ, ಅದರ ಜೊತೆ ಪೆರಾಕ್ಸೈಡ್ ಇರಲೇಬೇಕು. ಇನ್ನು ಚರ್ಮದ ಆಳದಲ್ಲಿ ಗಂಟು ಕಟ್ಟಿ ನೋಯುವ, ಹೋದಲ್ಲಿ ಗುಳಿ ಬಿಡುವ ಮೊಡವೆಗೆ ಈ ಮೂರೂ ಸಾಲವು. ಅಲ್ಲಿ ಟ್ಯೂಬ್ ಬದಲಿಸುತ್ತ ತಿಂಗಳು ಕಳೆದಷ್ಟೂ ಗುಳಿ ಹೆಚ್ಚುತ್ತದೆ, ನೇರ ಡಾಕ್ಟರ್ ಹತ್ತಿರ ಹೋಗಬೇಕು.

ಈಗ ತಮ್ಮನಿಗೆ 13. ಹಣೆಯ ತುಂಬ ಸಣ್ಣ ಉಬ್ಬು, ಕೆಂಪು ಒಂದೂ ಇಲ್ಲ. ಅದೇ ಡಾಕ್ಟರ್‌ಗೆ ತೋರಿಸಿದೆವು, ಅಡಾಪಲೀನ್ ಒಂದನ್ನೇ ಬರೆದುಕೊಟ್ಟರು. ದಿನಕ್ಕೆ ಎರಡೇ ಸಲ ಮುಖ ತೊಳೆ, ಚಿವುಟಬೇಡ, ಕೂದಲಿಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಿರಲಿ ಅಂತ ನಾನೂ ಒಂದಿಷ್ಟು ಸೇರಿಸಿದೆ. ಭಾನುವಾರದ ಫೋಟೋಗೆ ಕಿಟಕಿಯನ್ನೂ ತೋರಿಸಿಕೊಟ್ಟೆ. ಎಂಟನೆಯ ದಿನ ಬೆಳಿಗ್ಗೆ ಹಣೆ ಮೇಲಿನ ಕೂದಲೆತ್ತಿಕೊಂಡು ಬಂದು ನಿಂತ: "ಇನ್ನೂ ಹೋಗಿಲ್ವಲ್ಲ?"