ಕಾರಿನ ಒಳಗಿನ ಡೀಪ್ ಕ್ಲೀನಿಂಗ್ ಕೊಡಗಿನ ಮಳೆಗೆ ನಿಲ್ಲುತ್ತಾ?

ಮೊದಲೇ ಹೇಳಿಬಿಡುತ್ತೇನೆ, ನಿಲ್ಲುತ್ತೆ. ಆದರೆ ಎಷ್ಟು ಚೆನ್ನಾಗಿ ತೊಳೆದರು ಅನ್ನೋದಕ್ಕಿಂತ ಎಷ್ಟು ಚೆನ್ನಾಗಿ ಒಣಗಿಸಿ ಕೊಟ್ಟರು ಅನ್ನೋದೇ ಇಲ್ಲಿ ಮುಖ್ಯ. ಕುಶಾಲನಗರದ ಒಂದು ಡೀಟೇಲಿಂಗ್ (ಗಾಡಿಯನ್ನು ಸಂದಿಗೊಂದಿ ಬಿಡದೆ ಶುಚಿ ಮಾಡಿಕೊಡುವ) ಅಂಗಡಿಗೆ ಕೆಲವು ವರ್ಷಗಳಿಂದ ಮಳೆಗಾಲ ಮುಗಿದ ಮೇಲೆ ನಮ್ಮ ಗಾಡಿ ಬಿಡುತ್ತಾ ಬಂದಿದ್ದೇನೆ. ಅದಕ್ಕೂ ಮೊದಲು ಬೇರೊಂದು ಕಡೆ ಮಾಡಿಸಿದ್ದೂ ಇದೆ. ಎರಡನ್ನೂ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಬಟ್ಟೆ ಸೀಟಿನ ವ್ಯಾಗನ್ ಆರ್. ಮನೆ ನಾಪೋಕ್ಲು ಕಡೆ, ತೋಟದ ಒಳಗೆ. ಶೆಡ್ ಇದೆ, ಆದರೆ ಬರೀ ಮೇಲೆ ಶೀಟು, ಪಕ್ಕಕ್ಕೆ ಗೋಡೆ ಇಲ್ಲ. ಗಾಡಿ ಎಲ್ಲಾ ಕೆಲಸಕ್ಕೂ ಬೇಕು. ಗೊಬ್ಬರದ ಚೀಲ ಬರುತ್ತೆ, ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣು ಬರುತ್ತೆ, ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಸಂತೆಯಿಂದ ಒಣಮೀನು, ಹಿಂದಿನ ಸೀಟಲ್ಲಿ ಒದ್ದೆ ಮೈಯ ನಾಯಿ. ಜೊತೆಗೆ ಎಲ್ಲರ ಬೂಟಿನಲ್ಲೂ ಕೆಂಪು ಮಣ್ಣು. ಬೆಂಗಳೂರಿನಲ್ಲಿ ಧೂಳು ಹೊಡೆದು ಹೊಳಪು ಹಾಕಿದರೆ ಇಂಟೀರಿಯರ್ ಕ್ಲೀನಿಂಗ್ ಮುಗಿಯುತ್ತೇನೋ, ನಮಗೆ ಅದು ಸಾಲಲ್ಲ.

ಯಾಕೆ ಅಂದರೆ ಇಲ್ಲಿಯ ಗಾಳಿ. ಗಾಳಿಯಲ್ಲಿ ತೇವ ಶೇಕಡಾ 70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಬಟ್ಟೆ, ಚರ್ಮ, ರೆಕ್ಸಿನ್ ಯಾವುದಕ್ಕಾದರೂ ಬೂಷ್ಟು ಹಿಡಿಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಕೆಳಗೆ ಇಳಿಯೋ ದಿನಗಳೇ ಕಡಿಮೆ. ಮಡಿಕೇರಿಗೆ ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. 2018ರ ಆಗಸ್ಟ್‌ನಲ್ಲಿ ರಸ್ತೆಗಳೇ ಕುಸಿದು ಎಷ್ಟೋ ಗಾಡಿಗಳು ನಿಂತಲ್ಲೇ ನಿಂತವಲ್ಲ, ಹಾಗೆ ಬಾಗಿಲು ಮುಚ್ಚಿ ನಿಂತ ಗಾಡಿಯನ್ನು ತೆಗೆದು ನೋಡಿದವರಿಗೆ ಗೊತ್ತು. ಸ್ಟೇರಿಂಗ್ ಮೇಲೆ, ಗೇರ್ ಲಿವರ್ ಬುಡದಲ್ಲಿ, ಸೀಟ್ ಬೆಲ್ಟ್ ಉದ್ದಕ್ಕೂ ಬಿಳಿ ಪುಡಿ ಹಾಗೆ ಕೂತಿರುತ್ತೆ, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತೆ.

ಮೊದಲು ಮಾಡಿಸಿದ ಅಂಗಡಿಯ ಹೆಸರು ಹೇಳಲ್ಲ. ಮಳೆ ಹಿಡಿದ ಜೂನ್‌ನಲ್ಲೇ ಸೀಟಿಗೆ ಶಾಂಪೂ ಹಾಕಿ, ಬ್ರಷ್ ಹೊಡೆದು, ಮಾಮೂಲಿ ವ್ಯಾಕ್ಯೂಮ್‌ನಲ್ಲಿ ಎಳೆದು, ಅದೇ ಸಾಯಂಕಾಲ ಸೆಂಟ್ ಹೊಡೆದು ಕೈಗೆ ಕೊಟ್ಟರು. ನೋಡೋಕೆ ಹೊಸದರ ಹಾಗೆ ಇತ್ತು. ಒಂದು ವಾರದೊಳಗೆ ಮೊದಲಿಗಿಂತ ಜೋರು ವಾಸನೆ. ಸೀಟಿನ ಒಳಗೆ ಇರೋದು ದಪ್ಪ ಫೋಮ್ ಅಲ್ವಾ, ಅದು ಕುಡಿದ ನೀರು ಹೊರಗೆ ಬರೋಕೆ ಬಿಸಿಲು ಬೇಕು, ಗಾಳಿ ಬೇಕು, ಸಮಯ ಬೇಕು. ನಮ್ಮ ಕಡೆ ಜೂನ್‌ನಲ್ಲಿ ಸಮಯ ಒಂದೇ ಸಿಗೋದು.

ಕುಶಾಲನಗರಕ್ಕೆ ಹೋಗೋಕೆ ಶುರು ಮಾಡಿದ್ದು ಇದೇ ಕಾರಣಕ್ಕೆ. ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ಇಳಿದರೆ ಹವೆಯೇ ಬೇರೆ. ಮಳೆ ನಮ್ಮಲ್ಲಿಗಿಂತ ಎಷ್ಟೋ ಪಾಲು ಕಡಿಮೆ, ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಮಂಜು ಮುಸುಕಿರುವಾಗ ಅಲ್ಲಿ ಬಿಸಿಲು ಕಾಯುತ್ತಿರುತ್ತೆ. ಗಾಡಿಯನ್ನು ಎರಡು ದಿನ ಇಟ್ಟುಕೊಳ್ಳುತ್ತಾರೆ. ಮೊದಲನೇ ಸಲ ಕೇಳಿದಾಗ ಎರಡು ದಿನ ಯಾಕಪ್ಪಾ ಅನ್ನಿಸಿತ್ತು, ಈಗ ಒಂದೇ ದಿನದಲ್ಲಿ ಕೊಡ್ತೀವಿ ಅನ್ನುವವರನ್ನು ಕಂಡರೆ ನನಗೆ ನಂಬಿಕೆ ಬರಲ್ಲ.

ಕೆಲಸ ಹೀಗೆ ಮಾಡುತ್ತಾರೆ. ಮೊದಲು ಎಲ್ಲಾ ಒಣ ಕೆಲಸ. ಮ್ಯಾಟ್ ತೆಗೆದು, ಸೀಟ್ ಕವರ್ ಬಿಚ್ಚಿ, ಕಂಪ್ರೆಸರ್ ಗಾಳಿ ಹೊಡೆದು ಸೀಟ್ ರೈಲ್ ಸಂದಿಯ ಮಣ್ಣು, ಮೆಣಸಿನ ಕಾಳು, ನಾಯಿ ಕೂದಲು ಎಲ್ಲಾ ಹೊರಗೆ. ಇದಾಗದೆ ನೀರು ಮುಟ್ಟಲ್ಲ, ಒಣ ಮಣ್ಣಿಗೆ ನೀರು ಬಿದ್ದರೆ ಕೆಸರಾಗಿ ಬಟ್ಟೆಯ ಒಳಗೆ ಇಳಿಯುತ್ತೆ. ಆಮೇಲೆ ಮುಂದಿನ ಸೀಟುಗಳ ಬೋಲ್ಟ್ ಬಿಚ್ಚಿ ಹೊರಗೆ ಇಡುತ್ತಾರೆ. ಸೀಟಿಗೆ ಕ್ಲೀನರನ್ನು ತೆಳು ಮಾಡಿ ಸ್ವಲ್ಪವೇ ಹೊಡೆದು, ಮೆತ್ತನೆ ಬ್ರಷ್‌ನಲ್ಲಿ ನೊರೆ ಎಬ್ಬಿಸಿ, ಎಕ್ಸ್‌ಟ್ರಾಕ್ಟರ್ ಮೆಷಿನ್ ಇಡುತ್ತಾರೆ. ಅದರ ಮೂತಿ ಒಂದು ಕಡೆಯಿಂದ ನೀರು ಚಿಮ್ಮಿಸಿ ಆಗಲೇ ವಾಪಸ್ ಎಳೆದುಕೊಳ್ಳುತ್ತೆ. ಮೂತಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಇರೋದರಿಂದ ಬರುವ ನೀರು ಕಣ್ಣಿಗೆ ಕಾಣುತ್ತೆ, ಮೊದಲು ಡಿಕಾಕ್ಷನ್ ಬಣ್ಣ, ಆಮೇಲೆ ತೆಳು, ಕೊನೆಗೆ ತಿಳಿ. ತಿಳಿ ಬಂದ ಮೇಲೂ ನೀರು ಬಿಡದೆ ಬರೀ ಎಳೆಯೋ ಕೆಲಸ ಇನ್ನೂ ಹೊತ್ತು ನಡೆಯುತ್ತೆ. ಈ ಕೊನೆಯ ಎಳೆತಕ್ಕೇ ನಾನು ದುಡ್ಡು ಕೊಡೋದು.

ಆದರೆ ನಿಜವಾದ ರೋಗ ಸಿಕ್ಕಿದ್ದು ಸೀಟಲ್ಲಿ ಅಲ್ಲ, ಕಾರ್ಪೆಟ್ ಕೆಳಗೆ. ಎಡಗಡೆ ಮುಂದೆ, ಕಾಲಿಡುವ ಜಾಗದ ಕಾರ್ಪೆಟ್ ಮೇಲೆ ಕೈ ಇಟ್ಟರೆ ಒಣಗಿಯೇ ಇತ್ತು. ಅಂಗಡಿಯ ಹುಡುಗ ಅಂಚು ಎತ್ತಿ, "ಅಣ್ಣ, ಇಲ್ಲಿ ಒತ್ತಿ ನೋಡಿ" ಅಂದ. ಅಡಿಯಲ್ಲಿದ್ದ ಫೆಲ್ಟ್ ಅನ್ನೋ ಕಂಬಳಿಯಂಥ ದಪ್ಪ ಪದರವನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಉಗುರಿನ ಸುತ್ತ ನೀರು ಬಂತು. ಮೇಲೆ ಎಷ್ಟು ಸಲ ಶಾಂಪೂ ಹಾಕಿದರೆ ಏನು ಬಂತು, ವಾಸನೆಯ ಬುಡ ಅಲ್ಲಿತ್ತು. ನೀರು ಎಲ್ಲಿಂದ ಅಂತ ಹುಡುಕಿದ್ದೂ ಅವರೇ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆದರೆ ತೋಟದ ಸಿಲ್ವರ್ ಓಕ್ ಮರದ ಎಲೆಗಳು ಕೊಳೆತು ನೀರು ಹೋಗುವ ದಾರಿಯನ್ನೇ ಮುಚ್ಚಿದ್ದವು. ಮಳೆ ನೀರಿಗೆ ಹೊರಗೆ ಹೋಗೋಕೆ ಜಾಗ ಇಲ್ಲದೆ ಒಳಗೆ ಇಳಿಯುತ್ತಿತ್ತು. ತೋಟದಲ್ಲಿ ಗಾಡಿ ನಿಲ್ಲಿಸುವ ಎಲ್ಲರೂ ಮಳೆಗೆ ಮೊದಲು ಆ ಜಾಲರಿಯ ಕೆಳಗೆ ಒಮ್ಮೆ ಕೈ ಹಾಕಿ ನೋಡಿ, ದಯವಿಟ್ಟು. ಹಾಗೇ ಬಿಟ್ಟರೆ ವಾಸನೆ ಮಾತ್ರ ಅಲ್ಲ, ನೆಲದ ತಗಡಿಗೇ ತುಕ್ಕು ಹಿಡಿಯುತ್ತೆ. ಅವತ್ತು ಫೆಲ್ಟನ್ನು ಪೂರ್ತಿ ಎತ್ತಿ ಬಿಸಿಲಿಗೆ ಹಾಕಿ, ರಾತ್ರಿ ಫ್ಯಾನ್ ಇಟ್ಟು, ಮಾರನೇ ದಿನ ಮುಟ್ಟಿ ನೋಡಿಯೇ ಮುಚ್ಚಿದರು.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕ್ಲಿಪ್ ಹಾಕಿ ನಿಲ್ಲಿಸಿ, ಮೆದು ಸೋಪಿನ ನೀರಿನಲ್ಲಿ ಒರೆಸುತ್ತಾರೆ, ಒಣಗುವವರೆಗೆ ಒಳಗೆ ಬಿಡಲ್ಲ. ಬ್ಲೀಚ್ ಹಾಕಿದರೆ ಬೆಲ್ಟಿನ ನೂಲೇ ಸೊರಗುತ್ತೆ, ಯಾರಾದರೂ ಹಾಕಲು ಬಂದರೆ ಬೇಡ ಅನ್ನಿ. ಮೇಲಿನ ರೂಫ್ ಬಟ್ಟೆಗೆ ನೀರು ತಾಗಿಸಿಯೂ ತಾಗಿಸದ ಹಾಗೆ ಒರೆಸಬೇಕು, ಅದು ಅಂಟಿನಲ್ಲಿ ನಿಂತಿರೋದು, ನೆನೆದರೆ ಜೋತು ಬೀಳುತ್ತೆ.

ಕಾಫಿ ಹಣ್ಣಿನ ರಸದ್ದು ಬೇರೆಯೇ ಕಥೆ. ಚೀಲದಿಂದ ಸೋರಿದ ರಸದಲ್ಲಿ ಸಕ್ಕರೆ ಇರುತ್ತೆ, ಡಿಕ್ಕಿಯಲ್ಲಿ ಹುಳಿತು ಹೆಂಡದ ವಾಸನೆ ಬರುತ್ತೆ. ಅದಕ್ಕೆ ಮೊದಲು ಬರೀ ಉಗುರು ಬೆಚ್ಚಗಿನ ನೀರು ಹಾಕಿ ಎಳೆಯಬೇಕು, ಆಮೇಲೆ ಕ್ಲೀನರ್. ಹೀಗೆ ಮಾಡಿದ ಮೇಲೆ ವಾಸನೆ ಪೂರ್ತಿ ಹೋಯಿತು. ಕಣಿಲೆ ನೆನೆಸಿದ ನೀರು ಚೆಲ್ಲಿದ್ದು ಮಾತ್ರ ಸುಲಭಕ್ಕೆ ಬಿಡಲಿಲ್ಲ, ಸ್ಪೇರ್ ಟೈರ್ ತೆಗೆದು ಆ ಗುಂಡಿಯನ್ನೂ ತೊಳೆದ ಮೇಲೆ ಹೋಯಿತು.

ಇಷ್ಟವಾಗದ್ದೂ ಹೇಳಬೇಕು. ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಪಾಲಿಶ್ ಹಚ್ಚಿ ಮಿರಮಿರ ಅನ್ನಿಸಿಬಿಡುತ್ತಾರೆ. ಬಿಸಿಲಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿಗೆ ಹೊಡೆಯುತ್ತೆ, ಸುಂಟಿಕೊಪ್ಪ ಹತ್ತುವಾಗ ತಿರುವಿನಲ್ಲಿ ಕಣ್ಣಿಗೆ ತೊಂದರೆ, ಧೂಳೂ ಬೇಗ ಅಂಟುತ್ತೆ. ಹಚ್ಚಬೇಡಿ ಅಂತ ಪ್ರತಿ ಸಲ ಮೊದಲೇ ಹೇಳಬೇಕು. ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಕ್ಲಿಪ್ ಒಂದು ಮುರಿದು ಹಾಗೇ ಕೂರಿಸಿದ್ದರು, ಕಟಕಟ ಸದ್ದು ಬಂತು, ಕೇಳಿದ ಮೇಲೆ ಬದಲಿಸಿ ಕೊಟ್ಟರು. ಗಾಡಿಯೊಳಗೆ ಓಜೋನ್ ಗ್ಯಾಸ್ ಬಿಟ್ಟು ವಾಸನೆ ತೆಗೆಯುವ ಓಜೋನ್ ಟ್ರೀಟ್‌ಮೆಂಟ್‌ಗೆ ಬೇರೆ ದುಡ್ಡು ಕೇಳುತ್ತಾರೆ. ನನಗೆ ಅದರ ಅಗತ್ಯ ಕಾಣಲಿಲ್ಲ. ನೀರು ಒಳಗೆ ಉಳಿದಿದ್ದರೆ ಓಜೋನ್ ಬಿಟ್ಟರೂ ವಾಸನೆ ವಾಪಸ್ ಬರುತ್ತೆ, ಅಲ್ಲದೆ ಆ ಗ್ಯಾಸ್ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಡಿಸಲೇಬೇಕು ಅಂದರೆ ಎಲ್ಲಾ ಬಾಗಿಲು ತೆಗೆದು ಚೆನ್ನಾಗಿ ಗಾಳಿ ಆಡಿಸಿ ಆಮೇಲೆ ಕೂತುಕೊಳ್ಳಿ.

ಇನ್ನು ಮನೆಯಲ್ಲಿ ಏನು ಮಾಡಿದರೆ ಈ ಕ್ಲೀನಿಂಗ್ ಮುಂದಿನ ಮಳೆಗಾಲ ದಾಟುತ್ತೆ ಅನ್ನೋದು. ಕಾರಿನ ನೆಲವನ್ನೆಲ್ಲಾ ಮುಚ್ಚಿ ಕೂರುವ ಆ 7ಡಿ ಮ್ಯಾಟ್ ನಾನು ತೆಗೆಸಿಬಿಟ್ಟೆ. ಘಟ್ಟದ ಕೆಳಗಿನವರಿಗೆ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಅದರ ಕೆಳಗೆ ಇಳಿದ ತೇವ ಮೇಲೆ ಬರೋದೇ ಇಲ್ಲ. ಈಗ ಇರೋದು ಮಾಮೂಲಿ ರಬ್ಬರ್ ಮ್ಯಾಟ್, ತೆಗೆದು ಕೊಡವಿ ಒಲೆಯ ಹತ್ತಿರ ಒಣಗಿಸಬಹುದು. ರೆಕ್ಸಿನ್ ಸೀಟ್ ಕವರ್ ಕೂಡ ಮಳೆಗಾಲದಲ್ಲಿ ಹಾಕಲ್ಲ, ಅದರ ಹಿಂಬದಿಗೂ ಸೀಟಿಗೂ ನಡುವೆ ಬೂಷ್ಟು ಆರಾಮಾಗಿ ಬೆಳೆಯುತ್ತೆ. ಮನೆ ತಲುಪುವ ಕೆಲವು ನಿಮಿಷ ಮೊದಲು ಎಸಿ ಆಫ್ ಮಾಡಿ ಫ್ಯಾನ್ ಮಾತ್ರ ಬಿಡುತ್ತೇನೆ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಒಣಗಿದರೆ ಎಸಿಯ ಹುಳಿ ವಾಸನೆ ಬರಲ್ಲ. ಎಸಿ ಫಿಲ್ಟರ್ ಹೆಚ್ಚಿನ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ, ಮಳೆಗಾಲ ಮುಗಿದ ಮೇಲೆ ಹೊಸದು ಹಾಕಿ. ಬಿಸಿಲು ಒಂದು ಗಂಟೆ ಬಂದರೂ ಸಾಕು, ನಾಲ್ಕೂ ಬಾಗಿಲು ತೆರೆದಿಡಿ. ಸೀಟಿನ ಕೆಳಗೆ ಇದ್ದಿಲು ಇಡುವವರಿದ್ದಾರೆ, ವಾಸನೆಗೆ ಪರವಾಗಿಲ್ಲ, ತೇವಕ್ಕೆ ಸಾಲಲ್ಲ.

ನನಗೆ ಸೀಟು ಬಿಚ್ಚುವುದೂ ಸೇರಿ ಕಳೆದ ಸಲ ಸುಮಾರು 3500 ರೂಪಾಯಿ ಆಯಿತು. ದೊಡ್ಡ ಗಾಡಿಗೆ ಜಾಸ್ತಿ ಆಗುತ್ತೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ, 5ಕ್ಕೆ 4 ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಆ ಪಾಲಿಶ್ ಮತ್ತು ಕ್ಲಿಪ್‌ಗೆ. ಸೀಟಲ್ಲೇ ಸೈಡ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಬ್ಯಾಟರಿ ಕಳಚಿ ಆಮೇಲೆ ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಬಿಚ್ಚುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಆ ಕನೆಕ್ಟರ್ ಬಿಚ್ಚಿದ್ದಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ಲೈಟ್ ಹತ್ತಿಕೊಳ್ಳುತ್ತೆ. ಫೋನ್ ಮಾಡೋದಾದರೆ ಅಕ್ಟೋಬರ್ ಶುರುವಿನಲ್ಲೇ ಮಾಡಿ. ಅರೇಬಿಕಾ ಕೊಯ್ಲು ಹಿಡಿಯೋದರೊಳಗೆ ಮುಗಿಸಿಕೊಳ್ಳೋಣ ಅಂತ ತೋಟದವರೆಲ್ಲಾ ಬರುತ್ತಾರೆ, ಟ್ಯಾಕ್ಸಿಯವರೂ ಆಗಲೇ ಬರುತ್ತಾರೆ, ನವೆಂಬರ್‌ಗೆ ಜಾಗ ಸಿಗೋದು ಕಷ್ಟ.