18 ವರ್ಷ ಹಾಕಿದ ಮೇಲೆ: ಫುಟ್‌ಪಾತಿನ ಐರನ್ ಮೇಡನ್ ಟೀ ಶರ್ಟ್

ನಾವು ಐರನ್ ಮೇಡನ್ ಅನ್ನುವ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡಿನ ಅಭಿಮಾನಿಗಳು. ಮೊನ್ನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಸದಾಗಿ ಸೇರಿದ ಹುಡುಗ ಕೇಳಿದ. "ಅಣ್ಣಾ, ಮೇಡನ್ ಅಸಲಿ ಟೀ ಶರ್ಟಿಗೆ ಎರಡು ಸಾವಿರದ ಮೇಲೆ ಹೇಳ್ತಾರೆ, ಕೊಡಬಹುದಾ? ಇಲ್ಲ ಕಾಪಿ ತಗೊಂಡ್ರೆ ಸಾಕಾ?" ಒಂದೇ ಸಾಲಿನಲ್ಲಿ ಉತ್ತರ ಹಾಕೋಣ ಅಂತ ಕೂತೆ. ಆಗಲಿಲ್ಲ. ಕಾಪಿ ಟೀ ಶರ್ಟನ್ನು ನಾನು 18 ವರ್ಷ ಹಾಕಿದ್ದೇನೆ, ಅಸಲಿಯನ್ನು ಮೂರು ವರ್ಷ. ಎರಡರ ಬಗ್ಗೆಯೂ ಹೇಳುವುದು ಬೇಕಾದಷ್ಟಿದೆ. ಅದಕ್ಕೇ ಈ ವಿಮರ್ಶೆ.

ಕಾಪಿ ಕೊಂಡಿದ್ದು 2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನದ ಹೊರಗೆ. ಐರನ್ ಮೇಡನ್ ಭಾರತದಲ್ಲಿ ನುಡಿಸಿದ ಮೊದಲ ಕಾರ್ಯಕ್ರಮ ಅದು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಾವು ನಾಲ್ಕು ಜನ ಮನೆಯಲ್ಲಿ "ಪ್ರಾಜೆಕ್ಟ್ ಕೆಲಸ" ಅಂತ ಹೇಳಿ ಬೆಳಗಿನ ಬಸ್ಸು ಹತ್ತಿದ್ದೆವು. ಎರಡು ಮೂರು ದಿನಕ್ಕೆ ಯುಗಾದಿ. ಹಬ್ಬಕ್ಕೆ ಒಂದು ಒಳ್ಳೆ ಅಂಗಿ ತಗೋ ಅಂತ ಅಮ್ಮ ಕೊಟ್ಟಿದ್ದ ದುಡ್ಡು ಜೇಬಿನಲ್ಲಿತ್ತು. ಗೇಟಿನ ಹತ್ತಿರ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಒಬ್ಬ ಕಪ್ಪು ಟೀ ಶರ್ಟ್ ರಾಶಿ ಹಾಕಿದ್ದ. 250 ಅಂದ, 150ಕ್ಕೆ ಇಳಿದ. "ತಿರುಪುರ್ ಮಾಲು ಸಾರ್, ಕಲರ್ ಹೋದ್ರೆ ತಂದು ಮುಖಕ್ಕೆ ಎಸೀರಿ" ಅಂದ. ಎಲ್ಲಿ ತಂದು ಎಸೆಯುವುದು, ಅವನ ಅಂಗಡಿ ಇದ್ದದ್ದು ಆ ಒಂದು ಸಂಜೆ ಮಾತ್ರ.

ಎದೆಯ ಮೇಲೆ ದಿ ಟ್ರೂಪರ್ ಹಾಡಿನ ಚಿತ್ರ. ಬ್ಯಾಂಡಿನ ಗೊಂಬೆ ಎಡ್ಡಿ, ಅದೇ ಆ ಅಸ್ಥಿಪಂಜರದ ಮುಖದವನು, ಕೆಂಪು ಸಿಪಾಯಿ ಕೋಟು ಹಾಕಿಕೊಂಡು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹರಿದ ಬ್ರಿಟಿಷ್ ಬಾವುಟ ಹಿಡಿದು ನುಗ್ಗುತ್ತಾನೆ. ಡೆರೆಕ್ ರಿಗ್ಸ್ ಬರೆದ ಚಿತ್ರ, 1983ರದು. ಬೆನ್ನಿನ ಮೇಲೆ ಊರುಗಳ ಪಟ್ಟಿ. ಅದರಲ್ಲಿ ಬೆಂಗಳೂರಿನ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರವೇ ನಾಪತ್ತೆ. ಅದನ್ನು ನಾನು ನೋಡಿದ್ದು ವಾಪಸ್ ಬರುವ ಬಸ್ಸಿನಲ್ಲಿ.

ಕಾರ್ಯಕ್ರಮದ ಬಗ್ಗೆ ಹೇಳಲು ಹೊರಟರೆ ವಿಮರ್ಶೆ ಮುಗಿಯುವುದಿಲ್ಲ. ದೆಹಲಿಯ ರಾಕ್ ಬ್ಯಾಂಡ್ ಪರಿಕ್ರಮ ಮೊದಲು ನುಡಿಸಿದರು, ಆಮೇಲೆ ಮೇಡನ್ ಬಂದರು, ಟ್ರೂಪರ್ ಶುರುವಾದಾಗ ಹಾಡುಗಾರ ಬ್ರೂಸ್ ಡಿಕಿನ್ಸನ್ ಬಾವುಟ ಬೀಸುತ್ತಾ ಓಡಾಡಿದ, ಕೆಂಪು ಧೂಳಿನಲ್ಲಿ ನನ್ನ ಒಂದು ಚಪ್ಪಲಿ ಹೋಯಿತು. ಅಷ್ಟು ಸಾಕು. ಹೊರಗೆ ಬಂದು ಮೆಜೆಸ್ಟಿಕ್ ಕಡೆ ಹೊರಟಾಗ ಆಟೋದವನು ಸುದ್ದಿ ಹೇಳಿದ. ವಿಶ್ವಕಪ್ಪಿನಲ್ಲಿ ಬಾಂಗ್ಲಾದೇಶದ ಮೇಲೆ ಭಾರತ 191ಕ್ಕೆ ಆಲ್ ಔಟ್ ಅಂತ. ಬಸ್ಸಿನಲ್ಲಿ ಎಲ್ಲರ ಮುಖವೂ ಸತ್ತ ಮನೆ ಥರ, ನಾವು ನಾಲ್ಕು ಜನ ಮಾತ್ರ ಗಂಟಲು ಕಟ್ಟಿಕೊಂಡು ನಗುತ್ತಿದ್ದೆವು. ಸದ್ಯ ಯಾರೂ ಹೊಡೆಯಲಿಲ್ಲ.

ಈ ಟೀ ಶರ್ಟಿನ ಮೊದಲ ವಿಮರ್ಶೆ ಬರೆದದ್ದು ನಾನಲ್ಲ, ನಮ್ಮಜ್ಜ. ಅಜ್ಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ಗಿರಣಿ ಮುಚ್ಚಿ ಎಷ್ಟೋ ವರ್ಷ ಆಗಿದ್ದರೂ ಯಾವ ಬಟ್ಟೆ ಕಂಡರೂ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒಮ್ಮೆ ಉಜ್ಜಿ ನೋಡುವ ಚಾಳಿ ಹೋಗಿರಲಿಲ್ಲ. ಮದುವೆ ಮನೆಗೆ ಹೋದರೆ ಮದುಮಗನ ಪಂಚೆಯನ್ನೂ ಬಿಡುತ್ತಿರಲಿಲ್ಲ. ಅಮ್ಮ "ಹಬ್ಬದ ದಿನ ದೆವ್ವದ ಚಿತ್ರ ತಂದಿದ್ದಾನೆ" ಅಂತ ಗಲಾಟೆ ಮಾಡುತ್ತಿರುವಾಗ ಅಜ್ಜ ಟೀ ಶರ್ಟನ್ನು ಬೆಳಕಿಗೆ ಹಿಡಿದು, ಅಂಚು ಎಳೆದು, ಉಜ್ಜಿ ನೋಡಿದರು. "ನೂಲು ಚಲೋ ಐತಿ. ಹೊಲಿಗೆ ಸುಳ್ಳು. ಈ ಬಣ್ಣ ಬಳದಾರಲ್ಲ, ಅದು ಬಟ್ಟಿ ಒಳಗ ಇಳದಿಲ್ಲ, ಮ್ಯಾಲೇ ಕುಂತೈತಿ, ಬಿರುಕು ಬಿಡತೈತಿ." ಆಮೇಲೆ ಬಾವುಟ ಕಣ್ಣಿಗೆ ಬಿತ್ತು. "ಅಲ್ಲೋ, ಇಂಗ್ಲಿಷರ ಬಾವುಟ ಎದಿ ಮ್ಯಾಲೆ ಹಾಕ್ಕೊಂಡು ತಿರಗ್ತೀಯಾ?"

ನಾನು ಹಾಡಿನ ಕಥೆ ಹೇಳಿದೆ. 1854ರ ಕ್ರೈಮಿಯಾ ಯುದ್ಧ, ಬಾಲಕ್ಲಾವಾ ಅಂತ ಜಾಗ, ಮೇಲಿನವರ ಆದೇಶ ಎಡವಟ್ಟಾಗಿ ಆರುನೂರು ಚಿಲ್ಲರೆ ಕುದುರೆ ಸವಾರರು ರಷ್ಯಾದ ಫಿರಂಗಿಗಳಿಗೆ ಎದುರಾಗಿ ನುಗ್ಗುತ್ತಾರೆ, ಬಹಳ ಜನ ಸಾಯುತ್ತಾರೆ, ಹಾಡುವವನು ಆ ಸಾಯುತ್ತಿರುವ ಸವಾರ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಗಿರಣ್ಯಾಗೂ ಹಂಗ ಆಗಿತ್ತು ಬಿಡು" ಅಂದು ಟೀ ಶರ್ಟ್ ವಾಪಸ್ ಕೊಟ್ಟರು. ಯುಗಾದಿ ದಿನ ನಾನು ಹಳೇ ಅಂಗಿಯಲ್ಲೇ ಬೇವು ಬೆಲ್ಲ ತಿಂದೆ.

ಈಗ ಮಾಲಿನ ವಿಷಯಕ್ಕೆ ಬರೋಣ. ಅಜ್ಜ ಹೇಳಿದ ಮೂರಕ್ಕೆ ಮೂರೂ ನಿಜವಾಯಿತು.

ಹೊಲಿಗೆ ಸುಳ್ಳು ಅಂದಿದ್ದರು. ಎರಡನೇ ವರ್ಷ ಎಡ ಭುಜದ ಹೊಲಿಗೆ ಬಿಚ್ಚಿಕೊಂಡಿತು. 2009ರ ಫೆಬ್ರವರಿ 15ಕ್ಕೆ ಮೇಡನ್ ಮತ್ತೆ ಅರಮನೆ ಮೈದಾನಕ್ಕೇ ಬಂದಾಗ ಸೇಫ್ಟಿ ಪಿನ್ ಹಾಕಿಕೊಂಡು ಹೋಗಿದ್ದೆ. ಆಮೇಲೆ ಬಲಗಡೆ ಕಂಕುಳು ಹೋಯಿತು, ಕುತ್ತಿಗೆ ಪಟ್ಟಿ ಸಡಿಲವಾಗಿ ಜೋಲು ಬಿತ್ತು. ಓಣಿಯ ಟೈಲರ್ ಹತ್ತಿರ ಮೂರು ಸಲ ಹೊಲಿಸಿದ್ದೇನೆ. ಎಲ್ಲಾ ಸೇರಿ ಖರ್ಚು 70 ರೂಪಾಯಿ. ಮೂರನೇ ಸಲ ಆ ಟೈಲರ್ ಎಡ್ಡಿಯನ್ನು ನೋಡಿ, "ಇವ್ನಿಗಿಂತ ನಿಮ್ ಬನೀನಿನ ಗತಿ ಕೆಟ್ಟೋಗಿದೆ ಸಾರ್" ಅಂದ.

ನೂಲು ಚಲೋ ಅಂದಿದ್ದರು. ಅದು ದೊಡ್ಡ ಸತ್ಯ. 18 ವರ್ಷ ಒಗೆದರೂ ಬಟ್ಟೆ ಎಲ್ಲೂ ಜಾಳಾಗಿಲ್ಲ, ಗಂಟು ಗಂಟಾಗಿಲ್ಲ. ಇರುವ ಎರಡು ತೂತು ದೀಪಾವಳಿಯ ಹೂಕುಂಡದವು, ಅದು ಬಟ್ಟೆಯ ತಪ್ಪಲ್ಲ. ಮೊದಲ ನಾಲ್ಕು ವರ್ಷ ಅಮ್ಮ ಇದನ್ನು ಒಗೆಯುವ ಕಲ್ಲಿನ ಮೇಲೆ ಬಡಿದಿದ್ದಾರೆ, ಸ್ವಲ್ಪ ಬೇಕಂತಲೇ ಜೋರಾಗಿ ಬಡಿದಿದ್ದಾರೆ ಅಂತ ನನ್ನ ಅನುಮಾನ. ಉದ್ದ ಮಾತ್ರ ಒಂದು ಗೇಣಿನ ಕಾಲು ಭಾಗ ಕುಗ್ಗಿದೆ. ಅಗಲ ಕುಗ್ಗಿದೆಯೋ ನಾನು ಹಿಗ್ಗಿದ್ದೇನೋ ಅದನ್ನು ಚರ್ಚೆ ಮಾಡುವುದು ಬೇಡ.

ಕಪ್ಪು ಬಣ್ಣದ ಬಗ್ಗೆ ಒಂದು ಮಾತು. ಮೊದಲ ಒಗೆತದಲ್ಲೇ ಬಕೆಟ್ ನೀರು ಕಾಫಿ ಡಿಕಾಕ್ಷನ್ ಥರ ಆಯಿತು, ಜೊತೆಗಿದ್ದ ಅಪ್ಪನ ಬಿಳಿ ಬನಿಯನ್ ಬೂದಿ ಬಣ್ಣಕ್ಕೆ ತಿರುಗಿತು. ಕಪ್ಪು ಬಟ್ಟೆಯನ್ನು ಕೊಂಡ ಮೊದಲ ಎರಡು ಮೂರು ಸಲ ಬೇರೆಯಾಗಿಯೇ ಒಗೆಯಬೇಕು, ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಅದ್ದಬೇಕು, ನೆರಳಿನಲ್ಲಿ ಒಣಗಿಸಬೇಕು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಯಾವ ಕಪ್ಪೂ ತಡೆಯುವುದಿಲ್ಲ. ನನ್ನದು ಈಗ ಕಪ್ಪಲ್ಲ, ಮಳೆಗಾಲದ ಹಳೇ ಛತ್ರಿಯ ಬಣ್ಣ.

ಇನ್ನು ಪ್ರಿಂಟು. ನಮ್ಮ ಗುಂಪಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಒಬ್ಬರಿದ್ದಾರೆ, ಅವರಿಂದ ಕಲಿತದ್ದು ಇದು. ಈ ಥರದ ದಪ್ಪ ಪ್ರಿಂಟಿಗೆ ಹಾಕುವ ಇಂಕು ಪ್ಲಾಸ್ಟಿಸಾಲ್. ಅದು ನೂಲಿಗೆ ಹೀರಿಕೊಳ್ಳುವುದಿಲ್ಲ, ಮೇಲೆ ಪದರವಾಗಿ ಕೂರುತ್ತದೆ. ಅದನ್ನು ಸುಮಾರು 160 ಡಿಗ್ರಿ ಶಾಖಕ್ಕೆ ಪೂರ್ತಿ ಕಾಯಿಸಿದರೆ ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ. ಅವಸರದಲ್ಲಿ ಅರೆಬರೆ ಕಾಯಿಸಿದರೆ ಕೆಲವು ಒಗೆತಕ್ಕೇ ಬಿರುಕು. ಕಾರ್ಯಕ್ರಮದ ಹಿಂದಿನ ದಿನ ರಾತ್ರಿ ಸಾವಿರಗಟ್ಟಲೆ ಹೊಡೆದು ತರುವವನು ಕಾಯಿಸುತ್ತಾ ಕೂರುತ್ತಾನಾ? ಅದನ್ನೇ ಅಜ್ಜ ಯಾವ ಡಿಗ್ರಿಯೂ ಗೊತ್ತಿಲ್ಲದೆ ಬೆರಳಲ್ಲಿ ಮುಟ್ಟಿ ಹೇಳಿದ್ದರು. ಮೊದಲು ಹೋದದ್ದು ಬಾವುಟದ ನೀಲಿ. ಆಮೇಲೆ ಕೋಟಿನಲ್ಲಿ ಬಿರುಕು ಬಂತು, ಕೆರೆ ಒಣಗಿದ ಮೇಲೆ ತಳದ ಮಣ್ಣು ಇರುತ್ತದಲ್ಲ, ಹಾಗೆ.

ದೊಡ್ಡ ಅನಾಹುತ ಆದದ್ದು 2011ರಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಇಸ್ತ್ರಿ ಗಾಡಿಯವರಿಗೆ ಕೊಡುವ ಬಟ್ಟೆಯ ಗಂಟಿನಲ್ಲಿ ಇದೂ ಸೇರಿಕೊಂಡು ಹೋಯಿತು. ಕೆಂಡದ ಇಸ್ತ್ರಿ ಪೆಟ್ಟಿಗೆ ನೇರ ಎಡ್ಡಿಯ ಮುಖದ ಮೇಲೆ. ಅರ್ಧ ದವಡೆ ಪೆಟ್ಟಿಗೆಗೆ ಅಂಟಿಕೊಂಡು ಹೋಯಿತು. ಅವರಿಗೂ ಗಾಬರಿ, ಪೆಟ್ಟಿಗೆ ಉಜ್ಜಿ ಉಜ್ಜಿ ಸಾಕಾಗಿತ್ತು ಪಾಪ. "ಮೂಗು ಪೂರ್ತಿ ಹೋಯ್ತು ಸಾರ್, ಸಾರಿ" ಅಂದರು. ಅವನಿಗೆ ಮೊದಲಿಂದಲೂ ಮೂಗು ಇಲ್ಲ ಅಂತ ಹೇಳಿ ಸಮಾಧಾನ ಮಾಡಿ ಬಂದೆ.

ಅದರ ಫೋಟೋ ಗುಂಪಿಗೆ ಹಾಕಿದ್ದೇ ಈ ಟೀ ಶರ್ಟ್ ಪ್ರಸಿದ್ಧಿಗೆ ಬರಲು ಕಾರಣ. ಆಗ ನಾವು ಇದ್ದದ್ದು ಫೇಸ್‌ಬುಕ್ ಥರದ ಜಾಲತಾಣ ಆರ್ಕುಟ್‌ನಲ್ಲಿ. 2014ರ ಸೆಪ್ಟೆಂಬರ್‌ನಲ್ಲಿ ಅದು ಬಾಗಿಲು ಹಾಕಿತು, ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ವಾಟ್ಸಾಪಿಗೆ ಬಂದೆವು. ಈಗ 40 ಚಿಲ್ಲರೆ ಜನ. ಅರ್ಧ ಮಾತು ಮೇಡನ್ ಬಗ್ಗೆ, ಅರ್ಧ ಮನೆ ಬಗ್ಗೆ. ಸ್ಟೀವ್ ಹ್ಯಾರಿಸ್ ಬರೀ ಬೆರಳಲ್ಲಿ ಬೇಸ್ ಗಿಟಾರ್ ಮೇಲೆ ಆ ಕುದುರೆ ಓಟ ಹೇಗೆ ತರುತ್ತಾನೆ ಅಂತ ರಾತ್ರಿ ಹನ್ನೊಂದಕ್ಕೆ ಜಗಳ ನಡೆಯುತ್ತಿರುತ್ತದೆ. ಮಧ್ಯೆ ಒಬ್ಬರು "ನಾಳೆ ಟ್ಯಾಂಕರ್ ನೀರು ಬರುತ್ತಾ, ಯಾರಿಗಾದ್ರೂ ನಂಬರ್ ಗೊತ್ತಾ" ಅಂತ ಹಾಕುತ್ತಾರೆ. ಮೊದಲು ಉತ್ತರ ಸಿಗುವುದು ಟ್ಯಾಂಕರಿಗೆ. 2008ರ ಫೆಬ್ರವರಿ 1ಕ್ಕೆ ಮುಂಬೈಗೆ ಹೋಗಿದ್ದವರು ಒಬ್ಬರಿದ್ದಾರೆ. ಬ್ರೂಸ್ ತಾನೇ ಬೋಯಿಂಗ್ 757 ಓಡಿಸಿಕೊಂಡು ಬ್ಯಾಂಡನ್ನು ಕರೆತಂದ ಪ್ರವಾಸ ಅದು. ಅವರು ಆ ಕಥೆಯನ್ನು ಪ್ರತಿ ವರ್ಷ ಫೆಬ್ರವರಿ 1ಕ್ಕೆ ಹೇಳುತ್ತಾರೆ, ವರ್ಷ ಕಳೆದಂತೆ ಅವರ ಸೀಟು ವೇದಿಕೆಗೆ ಹತ್ತಿರ ಬರುತ್ತಿದೆ.

2015ರಲ್ಲಿ ಬ್ರೂಸ್‌ಗೆ ನಾಲಿಗೆಯ ಕ್ಯಾನ್ಸರ್ ಅಂತ ಸುದ್ದಿ ಬಂದಾಗ ಗುಂಪು ಎರಡು ದಿನ ಮೌನ. ಮೂರನೇ ದಿನ ಯಾವತ್ತೂ ಮಾತಾಡದ ಸದಸ್ಯರೊಬ್ಬರು, ನಮ್ಮಪ್ಪನಿಗೂ ಗಂಟಲಿಗೆ ಅದೇ ಚಿಕಿತ್ಸೆ ನಡೀತಿದೆ, ಅನ್ನ ಇಳಿಯುತ್ತಿಲ್ಲ, ಏನು ಕೊಡಬಹುದು ಅಂತ ಕೇಳಿದರು. ಅಲ್ಲಿಂದ ಒಂದು ತಿಂಗಳು ಗುಂಪಿನಲ್ಲಿ ಬರೀ ರಾಗಿ ಅಂಬಲಿ, ಸೋಸಿದ ಗಂಜಿ, ಎಳನೀರು. ಮೇ ತಿಂಗಳಲ್ಲಿ ಬ್ರೂಸ್ ಹುಷಾರಾದ ಸುದ್ದಿ ಬಂತು. ಅವರಪ್ಪನೂ ಹುಷಾರಾದರು. ಮೊನ್ನೆ ಮೊಮ್ಮಗನ ನಾಮಕರಣದ ಫೋಟೋದಲ್ಲಿ ಮುಂದೆಯೇ ಕೂತಿದ್ದರು.

2024ರ ಡಿಸೆಂಬರಿನಲ್ಲಿ ಡ್ರಮ್ಸ್ ನುಡಿಸುವ ನಿಕೋ ಮ್ಯಾಕ್‌ಬ್ರೇನ್ ಇನ್ನು ಪ್ರವಾಸ ಸಾಕು ಅಂದ. ವಯಸ್ಸು 72, ಹಿಂದಿನ ವರ್ಷ ಸ್ಟ್ರೋಕ್ ಬೇರೆ ಆಗಿತ್ತು. ನಿಕೋ ಬ್ಯಾಂಡಿಗೆ ಬಂದು ನುಡಿಸಿದ ಮೊದಲ ಆಲ್ಬಮ್ ಯಾವುದು ಗೊತ್ತಾ? ಟ್ರೂಪರ್ ಇರುವುದೇ. ನನ್ನ ಎದೆ ಮೇಲಿರುವುದೇ. ಆ ರಾತ್ರಿ ಎಲ್ಲರೂ ತಮ್ಮ ತಮ್ಮ ಹಳೇ ಟೀ ಶರ್ಟ್ ಹಾಕಿಕೊಂಡು ಫೋಟೋ ಹಾಕಿದರು. ಹೊಟ್ಟೆಗಳ ಪ್ರದರ್ಶನ ಅನ್ನಬಹುದು. ಆಮೇಲೆ ಮಾತು ಯಾರ ಬಿಪಿ ಎಷ್ಟು, ಯಾರು ಮಾತ್ರೆ ಬಿಟ್ಟಿದ್ದಾರೆ ಅನ್ನುವ ಕಡೆ ಹೋಯಿತು. ಮಾತ್ರೆ ಬಿಟ್ಟ ಇಬ್ಬರಿಗೆ ಚೆನ್ನಾಗಿ ಬೈಗುಳ ಬಿತ್ತು.

ಅಸಲಿ ಟೀ ಶರ್ಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2022ರಲ್ಲಿ ಒಂದು ವೆಬ್‌ಸೈಟಿನಿಂದ ತರಿಸಿದೆ, ಅದೇ ಟ್ರೂಪರ್ ಚಿತ್ರ. ಮೊದಲು ಹೆಂಗಸರ ಸ್ಮಾಲ್ ಸೈಜ್ ಕಳಿಸಿದರು, ಬದಲಿಸಲು ಒಂದು ತಿಂಗಳು ಸತಾಯಿಸಿದರು. ಬಂದದ್ದು ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಪ್ರಿಂಟು ಮೂರು ವರ್ಷಕ್ಕೆ ಒಂದು ಗೆರೆ ಬಿರುಕಿಲ್ಲ, ಹೊಲಿಗೆ ಎರಡು ಸಾಲು, ಕುತ್ತಿಗೆ ಗಟ್ಟಿ, ಕಾಗುಣಿತ ತಪ್ಪಿಲ್ಲ. ಆದರೆ ಬಟ್ಟೆ ತೆಳು. ಅಜ್ಜ ಈಗ ಇಲ್ಲ, ನಾನೇ ಬೆರಳ ಮಧ್ಯೆ ಹಿಡಿದು ಉಜ್ಜಿ ನೋಡಿದೆ. ಬೆಳಕಿಗೆ ಹಿಡಿದರೆ ಆಚೆ ಇರುವ ಕಿಟಕಿ ಸರಳು ಎಣಿಸಬಹುದು. ಈ ಬೆಲೆಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಚಿತ್ರ ಉಳಿಯುತ್ತದೆ, ಬಟ್ಟೆ ಉಳಿಯುವುದು ಅನುಮಾನ. ನನ್ನ ಕಾಪಿಯಲ್ಲಿ ಅದು ಉಲ್ಟಾ ಆಗಿದೆ.

ಹಾಗಾಗಿ ತಮ್ಮಾ, ಕಾಪಿ ಕೊಳ್ಳುವುದಾದರೆ ಚಿತ್ರ ನೋಡಬೇಡ. ಒಳಮೈ ತಿರುಗಿಸಿ ಭುಜದ ಹೊಲಿಗೆ ನೋಡು, ಬಟ್ಟೆ ಬೆಳಕಿಗೆ ಹಿಡಿದು ನೋಡು, ಪ್ರಿಂಟನ್ನು ಹೆಬ್ಬೆರಳಲ್ಲಿ ಸ್ವಲ್ಪ ಎಳೆದು ನೋಡು. ಎಳೆದಾಗಲೇ ಬಿರುಕು ಕಂಡರೆ ಬಿಟ್ಟು ಬಾ. ಚಿತ್ರ ಬರೆದವರಿಗೆ ಒಂದು ಪೈಸೆ ಹೋಗುವುದಿಲ್ಲ ಅನ್ನುವುದೂ ತಲೆಯಲ್ಲಿರಲಿ. ನಾನು ಅಸಲಿ ತರಿಸಿದ್ದು ಅರ್ಧ ಆ ಕಾರಣಕ್ಕೆ. ಯಾವುದೇ ಆಗಲಿ, ಇಸ್ತ್ರಿ ಮಾಡುವುದಾದರೆ ಉಲ್ಟಾ ಮಾಡಿ ಮಾಡು.

ನಮ್ಮ ಮನೆಯಲ್ಲಿ ಈ ಕಾಪಿ ಟೀ ಶರ್ಟಿಗೆ ಈಗ ಎರಡು ವರ್ಷದಿಂದ ಗಂಡಾಂತರ ಇದೆ. ಹಳೇ ಟೀ ಶರ್ಟ್ ಮೊದಲು ರಾತ್ರಿ ಮಲಗುವ ಅಂಗಿ ಆಗುತ್ತದೆ, ಆಮೇಲೆ ಗಾಡಿ ಒರೆಸುವ ಬಟ್ಟೆ, ಕೊನೆಗೆ ನೆಲ ಒರೆಸುವ ಬಟ್ಟೆ. ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ? ನನ್ನದು ಮೊದಲ ಮೆಟ್ಟಿಲಲ್ಲಿ ನಿಂತಿದೆ. ಹೆಂಡತಿ ಒಮ್ಮೆ ಕತ್ತರಿ ತನಕ ಹೋಗಿದ್ದಳು. ಉಳಿಸಿದ್ದು ಏಳು ವರ್ಷದ ಮಗಳು. ಅವಳು ಅದನ್ನು ಮೊಣಕಾಲ ತನಕ ಇಳಿಬಿಟ್ಟುಕೊಂಡು ಮಲಗುತ್ತಾಳೆ. ಅರ್ಧ ದವಡೆಯ ಎಡ್ಡಿಗೆ ಅವಳು ಇಟ್ಟಿರುವ ಹೆಸರು "ಹಲ್ಲು ಬಿದ್ದ ಅಜ್ಜ".

ಸ್ಟಾರ್ ಕೊಡಲೇಬೇಕು ಅಂದರೆ ಬಟ್ಟೆಗೆ ಐದು, ಹೊಲಿಗೆಗೆ ಒಂದು, ಪ್ರಿಂಟಿಗೆ ಎರಡು, ಕಾಗುಣಿತಕ್ಕೆ ಸೊನ್ನೆ. ಇನ್ನೂ ಬರೆಯಬಹುದಿತ್ತು, ಆದರೆ ಹೊರಗೆ ಹನಿ ಶುರುವಾಗಿದೆ, ಟೀ ಶರ್ಟ್ ತಂತಿ ಮೇಲಿದೆ.