ತೊಗರಿ ಎಲೆ ತೊಳೆದ ನೀರು: ನೀಲಿ ಚುಕ್ಕೆ ಮೇಲೋ, ಕೆಂಪು ಚಿನ್ನ ಮೇಲೋ?

ಕಲಬುರಗಿ ಕಡೆ ತೊಗರಿ ಹೂವಿಗೆ ಬಂತೆಂದರೆ ಕಾಯಿಕೊರಕ ಹುಳವೂ ಬಂತು, ಬೆನ್ನಿಗೇ ಸ್ಪ್ರೇ ಪಂಪೂ ಬಂತು. ಹೊಲದವರು ‘ಎಣ್ಣಿ’ ಅನ್ನುವ ಈ ಔಷಧಿಗಳಲ್ಲಿ ಆರ್ಗನೋಫಾಸ್ಫರಸ್ ಜಾತಿಯವು ಹುಳದ ನರದ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದೇ ಕಿಣ್ವ ನಮ್ಮ ಮೈಯಲ್ಲೂ ಇದೆ, ಅಲ್ವಾ? ಕಿಣ್ವ ಕೆಲಸ ನಿಲ್ಲಿಸಿದೆಯಾ ಅಂತ ನೋಡಿದರೆ ಎಣ್ಣಿ ಉಳಿದಿದೆಯಾ ಅಂತ ಗೊತ್ತಾಗುತ್ತದೆ. ಕಿಣ್ವದ ಕೆಲಸ ಅಳೆಯುವ 1961ರ ಎಲ್‌ಮನ್ ವಿಧಾನದಲ್ಲಿ ಹಳದಿ ಬಣ್ಣ ನೋಡುತ್ತಾರೆ, ಆದರೆ ಎಲೆ ತೊಳೆದ ನೀರೇ ಹಳದಿಯಾಗಿದ್ದರೆ ಏನು ಮಾಡೋದು? ಅದಕ್ಕೇ ಹೊಳೆಯುವ ನ್ಯಾನೊ ವಸ್ತುಗಳ ಹಿಂದೆ ಬಿದ್ದೆ.

ಮೊದಲು ಕಾರ್ಬನ್ ಡಾಟ್, ಅಂದರೆ ನೀಲಿಯಾಗಿ ಹೊಳೆಯುವ ಇಂಗಾಲದ ಅತಿಸಣ್ಣ ಚುಕ್ಕೆಗಳು. ಸಿಟ್ರಿಕ್ ಆಸಿಡ್ ಮತ್ತು ಎಥಿಲೀನ್‌ಡೈಅಮೀನ್ ಬೆರೆಸಿ 200 ಡಿಗ್ರಿಯಲ್ಲಿ 5 ಗಂಟೆ ಕಾಯಿಸಿದೆ, ಖರ್ಚು ಅಂದರೆ ಏನೂ ಇಲ್ಲ. ಮ್ಯಾಂಗನೀಸ್ ಡೈಆಕ್ಸೈಡ್ ಹಾಳೆಗಳು ಅದರ ನೀಲಿ ಬೆಳಕನ್ನು ನುಂಗುತ್ತವೆ, ನಾವು ಹಾಕಿದ ಅಸಿಟೈಲ್‌ಥಯೋಕೋಲಿನ್ ಅನ್ನು ಕಿಣ್ವ ಒಡೆದು ಹುಟ್ಟಿಸುವ ಥಯೋಕೋಲಿನ್ ಆ ಹಾಳೆಗಳನ್ನು ಕರಗಿಸಿದಾಗ ಬೆಳಕು ಮರಳುತ್ತದೆ. ಎಣ್ಣಿ ಇದ್ದರೆ ಮರಳುವುದಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ ಗೆಳೆಯರನ್ನೆಲ್ಲ ಕರೆದು ತೋರಿಸಿದೆ. ಎಲೆ ನೀರಿನಲ್ಲಿ ಮಾನ ಹೋಯಿತು. ನಾನೇ ಎಣ್ಣಿ ಬೆರೆಸಿದ್ದ ನೀರೂ ಜಗ್ಗ ಹೊಳೆಯಿತು! ಎಲೆಯ ವಿಟಮಿನ್ ಸಿ ಕೂಡ ಆ ಹಾಳೆಗಳನ್ನು ಕರಗಿಸುತ್ತದೆ, ಅದು ಸಾಲದು ಅಂತ ಎಲೆಯ ಸಾರವೇ 365 ನ್ಯಾನೊಮೀಟರ್ ಟಾರ್ಚಿಗೆ ನೀಲಿಯಾಗಿ ಮಿನುಗುತ್ತದೆ.

ಆಮೇಲೆ ಚಿನ್ನದ ನ್ಯಾನೊಕ್ಲಸ್ಟರ್, ಅಂದರೆ ಚಿನ್ನದ ಕೆಲವೇ ಪರಮಾಣುಗಳ ಗುಂಪು. ಬಿಎಸ್‌ಎ ಎಂಬ ದನದ ರಕ್ತದ ಪ್ರೋಟೀನ್, ಚಿನ್ನದ ಲವಣ, ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ 37 ಡಿಗ್ರಿಯಲ್ಲಿ 12 ಗಂಟೆ ಇಟ್ಟೆ. ನಮ್ಮೂರ ಏಪ್ರಿಲ್‌ನಲ್ಲಿ ಇನ್‌ಕ್ಯುಬೇಟರ್ ಸುಮ್ನೆ ಹೆಸರಿಗೆ. ಚಿನ್ನದ ಲವಣದ ಬಿಲ್ ನೋಡಿ ಮಾತ್ರ ಬೆವರು ಜಾಸ್ತಿ ಬಂತು. ಇದು 640 ನ್ಯಾನೊಮೀಟರ್ ಆಸುಪಾಸಿನಲ್ಲಿ ಕೆಂಪಾಗಿ ಹೊಳೆಯುವುದರಿಂದ ಎಲೆಯ ನೀಲಿ ಅಡ್ಡ ಬರುವುದಿಲ್ಲ, ಬರಿಗಣ್ಣಿಗೂ ಗೊತ್ತಾಗುತ್ತದೆ. ಇಲ್ಲಿ ಬೆಳಕು ಆರಿಸುವುದು ತಾಮ್ರ, ಥಯೋಕೋಲಿನ್ ಆ ತಾಮ್ರವನ್ನು ಎಳೆದುಕೊಂಡರೆ ಕೆಂಪು ವಾಪಸ್. ಒಂದು ತಪ್ಪು ಮಾಡಿದೆ: ಎಲ್ಲವನ್ನೂ ಒಟ್ಟಿಗೆ ಸುರಿದೆ. ಬಿಎಸ್‌ಎ ಈ ಎಣ್ಣಿಯನ್ನು ತಾನೇ ಹಿಡಿದುಕೊಳ್ಳುತ್ತದೆ, ಕಿಣ್ವಕ್ಕೆ ಬಿಡುವುದೇ ಇಲ್ಲ. ಈಗ ಮೊದಲು ಕಿಣ್ವ ಮತ್ತು ಎಲೆ ನೀರು, ಕೊನೆಗೆ ಚಿನ್ನ. ಜೊತೆಗೆ ಕಿಣ್ವ ಹಾಕದ ಒಂದು ಟ್ಯೂಬ್ ಇರಲೇಬೇಕು, ಎಲೆಯ ಸಾರವೂ ತಾಮ್ರ ಕದಿಯಬಹುದಲ್ಲ.

ಹೊಲದ ಮಾದರಿಗೆ ನನ್ನ ಓಟು ಚಿನ್ನಕ್ಕೇ. ಕಾರ್ಬನ್ ಡಾಟ್ ಹುಡುಗರಿಗೆ ಪ್ರಾಕ್ಟಿಕಲ್ ತೋರಿಸಲು ಸಾಕು.

ಕ್ಲೋರ್‌ಪೈರಿಫಾಸ್ ಎಂಬ ಆರ್ಗನೋಫಾಸ್ಫರಸ್ ಎಣ್ಣಿಗೆ ಮಾತ್ರ ಎರಡೂ ಕೈಕೊಟ್ಟವು. ಅದು ಆಕ್ಸಾನ್ ರೂಪಕ್ಕೆ (ಗಂಧಕದ ಜಾಗದಲ್ಲಿ ಆಮ್ಲಜನಕ ಇರುವ ರೂಪ) ಬದಲಾಗದೆ ಕಿಣ್ವವನ್ನು ಸರಿಯಾಗಿ ತಡೆಯುವುದಿಲ್ಲ. ಬ್ರೋಮಿನ್ ನೀರು ಹಾಕಿ ಬದಲಾಯಿಸಬಹುದು, ಆದರೆ ಮಿಕ್ಕ ಬ್ರೋಮಿನ್ ಕಿಣ್ವವನ್ನೇ ಕೊಲ್ಲುತ್ತದೆ. ಈ ವಾರವೆಲ್ಲ ಅದರ ಜೊತೆಗೇ ಗುದ್ದಾಟ.